ಒರೆಮನೆಯ ಹಿಂಬಾಗಿಲು

ಹೊಸದಂಡಿ, ಕೃಷ್ಣೆಯ ಹಿನ್ನೀರು
ಎರಡನೇ ಬೇಸಿಗೆ, ಮೂರನೇ ಬುಧವಾರ
ನಿಮ್ಮ ಎಣಿಕೆಯಲ್ಲಿ ಕ್ರಿ.ಶ. 2219

ನಾನು ಕಾಣದ ಹಿರಿಯರಿಗೆ,

ಹೊನ್ನವ್ವ ಗಾಣಿಗೇರಳ ಶರಣು.

ಮೇಲಿನ ತಾರೀಖು ನಿಮಗೆ ಸುಳ್ಳೆನಿಸಬಹುದು. ನನ್ನ ಮಾತು ಅಲ್ಲಲ್ಲಿ ಎಡವಿದರೆ ಮನ್ನಿಸಬೇಕು. ನಿಮ್ಮ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತವಳು. ಇಲ್ಲಿಯ ಜನ ಆಡಿದ ಮಾತನ್ನು ನಿಮ್ಮ ಕಾಲದ ಬಾಗಲಕೋಟೆ ಕಡೆಯ ಮಾತಿಗೆ ಹೊಂದಿಸಿ ಬರೆದಿದ್ದೇನೆ. ಇನ್ನು, ಈ ಪತ್ರ ನಿಮ್ಮನ್ನು ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿದೆ. ಕಾಲ ಹಿಂದಕ್ಕೆ ಹರಿದದ್ದನ್ನು ನಾವಿನ್ನೂ ಕಂಡಿಲ್ಲ, ಕಾಣದ್ದನ್ನು ನಂಬುವುದು ನನ್ನ ಕಸುಬಿಗೆ ಒಪ್ಪುವಂಥದ್ದಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ನನ್ನ ಊರಿನ ಯಾರ ಮುಂದೂ ಹೇಳುವ ಹಾಗಿಲ್ಲ. ಮಾತು ಕೊಟ್ಟಿದ್ದೇನೆ. ನಿಮಗೆ ಹೇಳಿದರೆ ಆ ಮಾತು ಮುರಿದಂತಾಗುವುದಿಲ್ಲ. ನೀವೆಲ್ಲ ತೀರಿಕೊಂಡು ಬಹಳ ಕಾಲವಾಯಿತು.

ನಮ್ಮದು ಮೂರು ಸಲ ಎತ್ತರಕ್ಕೆ ಸರಿದ ಊರು. ಹಳೆಯ ಊರುಗಳು ನೀರಿನ ಕೆಳಗಿವೆ, ನೀರು ತಿಳಿಯಾದ ದಿನ ದೋಣಿಯಿಂದ ಬಗ್ಗಿ ನೋಡಿದರೆ ಅವುಗಳ ಗೋಡೆಗಳ ಗೆರೆ ಕಾಣುತ್ತದೆ. ವರ್ಷಕ್ಕೆ ಎರಡು ಬೇಸಿಗೆ ಬರುತ್ತವೆ, ನಡುವೆ ಒಂದು ಗಿಡ್ಡ ಮಳೆಗಾಲ. ಬೀದಿಗಳ ಮೇಲೆ ಬಿಸಿಲು ಹೀರುವ ಹಾಸುಗಳನ್ನು ಎಳೆದು ಕಟ್ಟಿದ್ದೇವೆ. ಅವು ನೆರಳನ್ನೂ ಕೊಡುತ್ತವೆ, ಮನೆಗೆ ಬೇಕಾದ ಕರೆಂಟನ್ನೂ ಕೊಡುತ್ತವೆ, ಅಂಥ ಬೀದಿಗೆ ನೆರಳುಬೀದಿ ಎನ್ನುತ್ತೇವೆ. ಜೋಳದ ರೊಟ್ಟಿ ಈಗಲೂ ಇದೆ, ಜೋಳ ಮಾತ್ರ ಮೊಣಕಾಲೆತ್ತರದ ಗಿಡ್ಡ ತಳಿ. ಶೇಂಗಾ ಹಿಂಡಿ ಇದೆ. ಬೆಳಿಗ್ಗೆ ಹೊಳೆಯಾಚೆಯ ದಂಡೆಯಿಂದ ದೋಣಿಗಳು ಬರುತ್ತವೆ: ಹಾಲು, ತರಕಾರಿ, ಸುದ್ದಿ, ಜಗಳ. ಬದುಕು ನಿಮ್ಮದಕ್ಕಿಂತ ಬಹಳ ಬೇರೆಯಾಗೇನೂ ಇಲ್ಲ. ಮದುವೆಗಳಲ್ಲಿ ಮುನಿಸು, ಸಾವಿನ ಮನೆಯಲ್ಲಿ ಚಹಾ.

ನಾನಿರುವ ಮನೆಯ ಹೆಸರು ಒರೆಮನೆ. ಚಿನ್ನವನ್ನು ಒರೆಗಲ್ಲಿಗೆ ಹಚ್ಚುವಂತೆ, ಯಾರಾದರೂ ಏನಾದರೂ ನಿಜವೆಂದು ಹೇಳಿದರೆ ಅದನ್ನು ಎಲ್ಲರ ಕಣ್ಣೆದುರಿಗೆ ಒರೆ ಹಚ್ಚುವ ಜಾಗ. ನಿಮ್ಮ ಕಾಲ ಮುಗಿದ ಮೇಲೆ, ಸುಳ್ಳು ಮದ್ದು, ಸುಳ್ಳು ಬೀಜ, ಸುಳ್ಳು ಸುದ್ದಿಗಳಿಂದ ಬೆಂದುಹೋದ ಜನ ಊರೂರಿಗೂ ಇಂಥದ್ದೊಂದು ಮನೆ ಕಟ್ಟಿಕೊಂಡರು. ಮಣ್ಣು ಪರೀಕ್ಷೆ, ನೀರಿನ ಪರೀಕ್ಷೆ, ಊರಿನ ಲಸಿಕೆಗಳ ತಂಪುಪೆಟ್ಟಿಗೆ, ಎಲ್ಲ ಇಲ್ಲೇ. ಇದನ್ನು ನೋಡಿಕೊಳ್ಳುವವರನ್ನು ಒರೆಗಾರರು ಎನ್ನುತ್ತಾರೆ. ನನಗೆ ಈ ವಿದ್ಯೆ ಕಲಿಸಿದವರು ಗುರುಬಾಯಿ ಎಂಬ ಹೆಣ್ಣುಮಗಳು. ಎತ್ತರದ ಆಳು, ದೊಡ್ಡ ದನಿ, ತಲೆಯ ಮೇಲೆ ಸೆರಗು ನಿಲ್ಲುತ್ತಲೇ ಇರಲಿಲ್ಲ.

ಆಗ ಒರೆಮನೆಯ ಅಂಗಳ ತುಂಬಿರುತ್ತಿತ್ತು. ನಾನು ಕಲಿಯಲು ಸೇರಿದ ಹೊಸತರಲ್ಲಿ ಹನಮಪ್ಪ ಎಂಬ ಒಬ್ಬರು ಬಂದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದರೆ, ನೆಲದ ಕೆಳಗೆ ನೀರಿದ್ದ ಕಡೆ ಕಾಯಿ ತಾನೇ ಎದ್ದು ನಿಲ್ಲುತ್ತದೆ ಎಂದು ಅವರ ನಂಬಿಕೆ. ಮೋಸಗಾರರಲ್ಲ, ಸುತ್ತಲ ಹಳ್ಳಿಗಳಿಗೆಲ್ಲ ಬಾವಿಯ ಜಾಗ ತೋರಿಸಿದವರು. ಗುರುಬಾಯಿ ಅಂಗಳದಲ್ಲಿ ಕೊಳವೆಗಳನ್ನು ಹೂಳಿಸಿದರು, ಕೆಲವುಗಳಲ್ಲಿ ನೀರು ಹರಿಸಿದರು, ಕೆಲವನ್ನು ಒಣಗಿಸಿಯೇ ಬಿಟ್ಟರು. ಯಾವುದರಲ್ಲಿ ನೀರಿದೆ ಎಂಬುದು ಹನಮಪ್ಪನವರಿಗೂ ಗೊತ್ತಿರಲಿಲ್ಲ, ಅವರ ಜೊತೆ ನಡೆಯುವವರಿಗೂ ಗೊತ್ತಿರಲಿಲ್ಲ. ಕಾಯಿ ಎದ್ದಿತು, ಆದರೆ ಒಣ ಕೊಳವೆಯ ಮೇಲೂ ಅಷ್ಟೇ ಸಲೀಸಾಗಿ ಎದ್ದಿತು. ಅವರು ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅವರೇ ಕೇಳಿದರು:

“ಇನ್ನೊಮ್ಮೆ ಹೂಳ್ರಿ, ಬಾಯಾರ. ನಾ ಏನರ ತಪ್ಪ ಮಾಡಿರಬೇಕು.”

ಮತ್ತೆ ಹೂಳಿದರು. ಮತ್ತೆ ಹಾಗೇ ಆಯಿತು. ಗುರುಬಾಯಿ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ತಮ್ಮ ಪಕ್ಕದಲ್ಲೇ ಕೂರಿಸಿ ಬಡಿಸಿದರು. ಸೋತವನನ್ನು ಹಸಿದು ಕಳಿಸಿದರೆ ಅವನು ಸೋಲನ್ನಷ್ಟೇ ಮನೆಗೆ ಒಯ್ಯುತ್ತಾನೆ ಎಂದು ಆಮೇಲೆ ನನಗೆ ಹೇಳಿದರು. ಹನಮಪ್ಪ ಸಾಯುವವರೆಗೂ ಒರೆಮನೆಗೆ ಬರುತ್ತಿದ್ದರು. ಬೇರೆಯವರನ್ನೂ ಕರೆತರುತ್ತಿದ್ದರು.

ಅಂಥ ಮನೆ ಹೇಗೆ ಬರಿದಾಯಿತು ಎಂಬುದನ್ನು ಹೇಳುತ್ತೇನೆ. ನನ್ನ ತಂಗಿ ನಿಂಬೆವ್ವನಿಗೆ ಮೊದಲು ಒಂದು ಗಂಡು ಕೂಸಿತ್ತು. ಎದೆಹಾಲು ಸಾಲದೆ ಅವಳು ಪುಡಿಹಾಲನ್ನು ನೀರಿನಲ್ಲಿ ಕಲೆಸಿ ಕುಡಿಸುತ್ತಿದ್ದಳು. ಆ ವರ್ಷ ಊರಿನ ಬಾವಿಗಳಿಗೆ ಹೊಲದ ಗೊಬ್ಬರದ ಉಪ್ಪು ಇಳಿದಿತ್ತು. ದೊಡ್ಡವರಿಗೆ ಅದರಿಂದ ತಟ್ಟನೆ ಏನೂ ಆಗುವುದಿಲ್ಲ. ಎಳೆಗೂಸಿನ ರಕ್ತಕ್ಕೆ ಮಾತ್ರ ಅದು ಉಸಿರು ಹೊರುವ ಶಕ್ತಿಯನ್ನೇ ಕಳೆದುಬಿಡುತ್ತದೆ. ಊರಿನ ನೀರುಮಂಡಳಿಯಲ್ಲಿ ಓದಿದವರಿದ್ದರು, ಅವರು ಅದನ್ನು ಅಳೆದೂ ಇದ್ದರು. ಅಳೆದು ಮುಚ್ಚಿಟ್ಟರು. ಕುದಿಸಿ ಕುಡಿಯಿರಿ, ಸಾಕು ಎಂದು ಮನೆಮನೆಗೆ ಸಾರಿಸಿದರು. ಕುದಿಸಿದರೆ ಆ ಉಪ್ಪು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ನನ್ನ ತಂಗಿ ಹೇಳಿದ್ದನ್ನು ಕೇಳುವ ಸ್ವಭಾವದವಳು. ಚೆನ್ನಾಗಿ, ಮತ್ತೆ ಮತ್ತೆ ಕುದಿಸಿದಳು. ಕೂಸಿನ ತುಟಿ ನೀಲಿಯಾಯಿತು, ಉಗುರು ನೀಲಿಯಾಯಿತು. ಉಳಿಯಲಿಲ್ಲ.

ಮಂಡಳಿಯ ಸುಳ್ಳನ್ನು ಬಯಲಿಗೆ ತಂದವರು ಗುರುಬಾಯಿಯೇ. ಮಂಡಳಿಯವರು ಊರು ಬಿಟ್ಟರು. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಬೇರೆಯೇ ಮಾತು: ಅಳೆಯುವವರೆಲ್ಲ ಒಂದೇ, ಕಲಿತವರೆಲ್ಲ ಒಂದೇ. ಸುಳ್ಳು ಹೇಳಿದವರಿಗೂ ಆ ಸುಳ್ಳನ್ನು ಹಿಡಿದವರಿಗೂ ಒಂದೇ ಬಗೆಯ ಗಾಜಿನ ನಳಿಕೆಗಳಿದ್ದವು, ಒಂದೇ ಬಗೆಯ ಮಾತಿತ್ತು. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು? ಗುರುಬಾಯಿ ತೀರಿಕೊಂಡಾಗ ಮಣ್ಣಿಗೆ ಬಂದವರು ಬಹಳ ಕಡಿಮೆ. ನಾನು ಒರೆಗಾರ್ತಿಯಾದೆ. ಅಂಗಳದಲ್ಲಿ ಹುಲ್ಲು ಬೆಳೆಯಿತು.

ಆ ಹೊತ್ತಿಗೆ ವಿರೂಪಾಕ್ಷ ತೆಗ್ಗಿ ನಮ್ಮ ಊರಿಗೆ ಬಂದರು. ದೋಣಿಗಳ ಹಾರ್ನು, ಧ್ವನಿವರ್ಧಕ ರಿಪೇರಿ ಮಾಡುತ್ತಿದ್ದವರು. ಒಂದು ತಂತಿಪೆಟ್ಟಿಗೆ ಇಟ್ಟುಕೊಂಡಿದ್ದರು. ಅದನ್ನು ಮಿಡಿದು ಅದರ ನಾದವನ್ನು ನೀರಿಗೆ ತುಂಬಿದರೆ ನೀರು ಮದ್ದಾಗುತ್ತದೆ, ರೋಗ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಿದ್ದರು. ಅದಕ್ಕೆ ಕಂಪನ ಎಂದು ಹೆಸರು. ನಿಮ್ಮ ಕಾಲದ ಕೆಲವು ಪದಗಳನ್ನೂ ಅವರು ಬಳಸುತ್ತಿದ್ದರು: ಕ್ವಾಂಟಮ್, ಎನರ್ಜಿ, ಫ್ರೀಕ್ವೆನ್ಸಿ. ನಿಮ್ಮಲ್ಲಿ ಅವುಗಳಿಗೆ ಅರ್ಥವಿತ್ತೆಂದು ನನಗೆ ಗೊತ್ತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಅವು ಕಣ್ಣು ಮುಚ್ಚಿಕೊಂಡು ಹೇಳುವ ಪದಗಳಾಗಿದ್ದವು. ಆದರೆ ತೆಗ್ಗಿಯವರು ಕೆಟ್ಟ ಮನುಷ್ಯರಾಗಿರಲಿಲ್ಲ. ಕೂಸು ಹೋದ ಮೇಲೆ ನಿಂಬೆವ್ವ ನಿದ್ದೆ ಮರೆತಿದ್ದಳು. ಎಲ್ಲರೂ ಮರೆತುಬಿಡು ಎಂದರು. ತೆಗ್ಗಿಯವರು ಮಾತ್ರ ಕೂಸಿನ ಹೆಸರೇನಿತ್ತು, ಹೇಗೆ ನಗುತ್ತಿತ್ತು ಎಂದು ಕೇಳಿದರು, ಅವಳು ಹೇಳುವಷ್ಟು ಹೊತ್ತೂ ಕೂತು ಕೇಳಿಸಿಕೊಂಡರು, ಆಮೇಲೆ ಮೆಲ್ಲಗೆ ತಂತಿ ಮಿಡಿದರು. ಅವಳು ಅಲ್ಲೇ ಗೋಡೆಗೊರಗಿ ನಿದ್ದೆಹೋದಳು. ಅಂಥ ನಿದ್ದೆ ಕೊಟ್ಟವರನ್ನು ಯಾರು ನಂಬುವುದಿಲ್ಲ?

ಮುಂದೆ ಅವಳಿಗೆ ಚಂಪಾ ಹುಟ್ಟಿದಳು. ಲಸಿಕೆಯ ಹೊತ್ತು ಬಂದಾಗ ನಾನು ತಂಪುಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಅವಳ ಮನೆಗೆ ಹೋದೆ. ಗಂಟಲುಮಾರಿ ಎಂಬ ರೋಗ ಹೊಳೆಯಾಚೆ ಮತ್ತೆ ಕಾಣಿಸಿಕೊಂಡಿದೆ, ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರು ನಿಲ್ಲಿಸುತ್ತದೆ, ಸೂಜಿ ಹಾಕಿಸಿದ ಮಕ್ಕಳಿಗೆ ಆ ಭಯ ಬಹಳ ಕಡಿಮೆ ಎಂದೆಲ್ಲ ವಿವರಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

“ನೀ ನನಗ ಅಕ್ಕ ಆಗಿ ಹೇಳಾಕತ್ತೀಯೋ, ಒರೆಗಾರ್ತಿ ಆಗಿ ಹೇಳಾಕತ್ತೀಯೋ?”

ಎರಡೂ ಎಂದೆ. ಒರೆಗಾರ್ತಿ ಹೊರಗೆ ಹೋಗಲಿ, ಅಕ್ಕ ಊಟ ಮಾಡಿ ಹೋಗಲಿ ಎಂದಳು. ನಾನು ಪೆಟ್ಟಿಗೆ ಎತ್ತಿಕೊಂಡು ಹೊರಬಂದೆ. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಹಬ್ಬದ ಮಾತಷ್ಟೇ ಉಳಿಯಿತು.

ಊರಿನಲ್ಲಿ ಸೂಜಿ ಬೇಡವೆನ್ನುವವರು ಹೆಚ್ಚಿದಾಗ ನಾನು ತೆಗ್ಗಿಯವರಲ್ಲಿಗೆ ಹೋದೆ. ಕಂಪನವನ್ನು ಒರೆ ಹಚ್ಚೋಣವೇ ಎಂದು ಕೇಳಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಸಂತೋಷದಿಂದ ಒಪ್ಪಿದರು. ನಾದ ತುಂಬಿದ ನೀರನ್ನು ಅಂಗೈ ಹಿಡಿದೇ ಗುರುತಿಸಬಲ್ಲೆ, ಅದು ನನಗೆ ತುಸು ಬೆಚ್ಚಗೆ ತಾಗುತ್ತದೆ ಎಂದರು. ಹೇಗೆ ಪರೀಕ್ಷಿಸಬೇಕು ಎಂಬುದನ್ನು ಇಬ್ಬರೂ ಕೂತು ಗೊತ್ತುಮಾಡಿದೆವು, ನ್ಯಾಯವೆಂದು ಇಬ್ಬರೂ ಒಪ್ಪಿದ ಮೇಲೆಯೇ ಊರಿಗೆ ಹೇಳಿಕಳಿಸಿದೆವು. ಬಹಳ ವರ್ಷಗಳ ಮೇಲೆ ಒರೆಮನೆಯ ಅಂಗಳ ಮತ್ತೆ ತುಂಬಿತು. ಒಂದೇ ಥರದ ಬಾಟಲಿಗಳು. ಅರ್ಧದಷ್ಟಕ್ಕೆ ತೆಗ್ಗಿಯವರೇ ನಾದ ತುಂಬಿದರು. ಅವರು ಒಳಗೆ ಹೋದ ಮೇಲೆ ಊರಿನ ಇಬ್ಬರು ಹಿರಿಯರು ಬಾಟಲಿಗಳ ತಳಕ್ಕೆ ಗುರುತು ಹಾಕಿ, ಎಲ್ಲವನ್ನೂ ಅದಲುಬದಲು ಮಾಡಿ ಸಾಲಾಗಿ ಇಟ್ಟು, ತಾವೂ ಮರೆಗೆ ಸರಿದರು. ತೆಗ್ಗಿಯವರು ಹೊರಬಂದು ಒಂದೊಂದರ ಮೇಲೂ ಅಂಗೈ ಹಿಡಿದು, ಕಣ್ಣು ಮುಚ್ಚಿ, ಇದು ಹೌದು, ಇದು ಅಲ್ಲ ಎಂದು ಹೇಳುತ್ತ ಹೋದರು. ಕೊನೆಗೆ ತಾಳೆ ನೋಡಿದರೆ, ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಅವರೇ ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಹಾಗೇ. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಗೆದ್ದೆನೆಂದು ನನಗೆ ಅನಿಸಲಿಲ್ಲ. ಅವರ ತೋಳು ಹಿಡಿದು, ಒಳಗೆ ಬನ್ನಿ, ಊಟ ಮಾಡೋಣ ಎಂದೆ.

ಅಷ್ಟರಲ್ಲಿ ಕಾಶೀಬಾಯಿ ಎದ್ದು ನಿಂತಳು. ನಿಂಬೆವ್ವನ ಪಕ್ಕದ ಮನೆಯವಳು, ಇಬ್ಬರದೂ ಒಂದೇ ನಡುಗೋಡೆ. ಈ ಮನೆಯ ಗೋಡೆಗಳಲ್ಲೇ ದೋಷವಿದೆ, ಅನುಮಾನ ತುಂಬಿದ ಜಾಗದಲ್ಲಿ ಕಂಪನ ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಜನ ತಲೆಯಾಡಿಸಿದರು, ಒಬ್ಬೊಬ್ಬರಾಗಿ ಎದ್ದು ಹೋದರು. ಅಂಗಳದಲ್ಲಿ ನಾವಿಬ್ಬರೇ ಉಳಿದೆವು.

“ನನಗ ತಿಳೀತ್ರಿ, ಅಕ್ಕಾರ,” ಎಂದರು ತೆಗ್ಗಿ. “ಇವ್ರಿಗೆ ನಾ ಈಗ ಏನಂತ ಹೇಳ್ಲಿ?”

ನಾನು ರೊಟ್ಟಿ ಬಡಿಸಿದೆ. ಅಂದು ಅವರು ನನ್ನ ಜೊತೆ ಉಂಡರು.

ಮುಂದಿನ ಬೇಸಿಗೆಯಲ್ಲಿ ಗಂಟಲುಮಾರಿ ಹೊಳೆ ದಾಟಿ ಬಂದಿತು. ಕುರುಬರ ಓಣಿಯಲ್ಲಿ ಎರಡು ಮಕ್ಕಳು ಹೋದವು. ಆರು ವರ್ಷದ ಚಂಪಾಳಿಗೆ ಜ್ವರ ಬಂದು ಕುತ್ತಿಗೆ ಊದಿದಾಗ ನಿಂಬೆವ್ವ ಅವಳನ್ನು ತೆಗ್ಗಿಯವರ ಜಗಲಿಯ ಮೇಲೆ ಮಲಗಿಸಿ, ತಂತಿ ಮಿಡಿಯಿರಿ ಎಂದು ಕಾಲು ಹಿಡಿದಳು. ಅವರು ಮಗುವಿನ ಬಾಯಿ ತೆರೆಸಿ ನೋಡಿದರು, ಒಳಗೆ ಬೂದುಬಣ್ಣದ ಪೊರೆ. ತಂತಿಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ದೋಣಿಗೆ ಓಡಿದರು, ನಿಂಬೆವ್ವ ಹಿಂದೆ ಓಡಿದಳು. ಹೊಳೆಯಾಚೆಯ ಆಸ್ಪತ್ರೆ ಸೇರುವವರೆಗೂ ಮಗು ಹೆದರದಿರಲಿ ಎಂದು ಏನೋ ಗುನುಗುತ್ತ ಹೋದರಂತೆ. ಆಸ್ಪತ್ರೆಯವರು ವಿಷ ಇಳಿಸುವ ಮದ್ದು ಕೊಟ್ಟರು. ಚಂಪಾ ಉಳಿದಳು. ಬಹಳ ದಿನ ಅವಳ ದನಿ ಮೂಗಿನಿಂದ ಬರುತ್ತಿತ್ತು, ಓಡಿದರೆ ಎದೆ ಹಿಡಿದುಕೊಳ್ಳುತ್ತಿದ್ದಳು.

ತಂಗಿ ಮರಳಿ ಬಂದು ಊರಿಗೆ ಹೇಳಿದ್ದೇನು ಗೊತ್ತೇ? ತೆಗ್ಗಿಯವರ ಗುನುಗು ಮಗುವನ್ನು ಉಳಿಸಿತು ಎಂದು. ತೆಗ್ಗಿಯವರು ನೆರಳುಬೀದಿಯಲ್ಲಿ ನಿಂತು ಕೈಮುಗಿದು ಹೇಳಿದರು:

“ನನ್ನ ತಂತ್ಯಾಗ ಏನೂ ಇಲ್ರಿ. ಮಕ್ಕಳಿಗೆ ಸೂಜಿ ಹಾಕಸ್ರಿ.”

ಅವರ ಶಕ್ತಿ ಹೋಗಿದೆ, ಅದಕ್ಕೇ ಹೀಗೆ ಮಾತಾಡುತ್ತಾರೆ ಎಂದಿತು ಊರು. ಕೆಲವೇ ದಿನಗಳಲ್ಲಿ ಮತ್ತೊಬ್ಬ ಬಂದು ಅದೇ ಜಗಲಿಯ ಮೇಲೆ ಇನ್ನೂ ದೊಡ್ಡ ತಂತಿಪೆಟ್ಟಿಗೆ ಇಟ್ಟ. ತೆಗ್ಗಿಯವರು ಹೊಳೆಯಾಚೆಗೆ ಹೋದರು. ಆಸ್ಪತ್ರೆಯಲ್ಲಿ ಅಳುವ ಮಕ್ಕಳ ಹತ್ತಿರ ಕೂರುವ ಕೆಲಸ ಮಾಡುತ್ತಾರೆ ಎಂದು ಕೇಳಿದ್ದೇನೆ. ಅವರು ಹೋದ ಮೇಲೆ ಈ ಊರಿನಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುವವರು ಯಾರೂ ಉಳಿಯಲಿಲ್ಲ. ದಿನವೂ ಬಾವಿಗಳ ನೀರು ಅಳೆಯುತ್ತೇನೆ, ಫಲಿತಾಂಶವನ್ನು ಬಾಗಿಲ ಮೇಲೆ ಅಂಟಿಸುತ್ತೇನೆ, ಗಾಳಿ ಅದನ್ನು ಓದಿಕೊಂಡು ಹೋಗುತ್ತದೆ. ಕೆಲವೊಮ್ಮೆ ನನ್ನ ದನಿ ಹೇಗಿದೆ ಎಂದು ನೋಡಲು ಗುರುಬಾಯಿಯವರ ಕುರ್ಚಿಯ ಜೊತೆ ಮಾತಾಡುತ್ತೇನೆ.

ಈಗ ನಾನು ಹೇಳಬಾರದ ಸಂಗತಿ. ನಡುಮಧ್ಯಾಹ್ನ ನಮ್ಮಲ್ಲಿ ಎಲ್ಲರೂ ಕದ ಹಾಕಿಕೊಳ್ಳುತ್ತಾರೆ, ಆಗ ಹೊರಗೆ ಕಾಲಿಡುವುದು ಜೀವಕ್ಕೇ ಅಪಾಯ. ಅಂಥ ಒಂದು ಮಧ್ಯಾಹ್ನ ಒರೆಮನೆಯ ಹಿಂಬಾಗಿಲು ಬಡಿದ ಸದ್ದಾಯಿತು. ತೆರೆದರೆ ನಿಂಬೆವ್ವ. ಮುಖದ ತುಂಬ ಸೆರಗು, ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಳೆಗೂಸು. ಚಂಪಾಳ ಬೆನ್ನಿಗೆ ಹುಟ್ಟಿದ ಮಾಂತು. ಅವಳ ಕಾಲುಗಳು ಬೆಂದು ಕೆಂಪಾಗಿದ್ದವು. ಒಳಗೆ ಬಂದು ಕೂಸಿನ ತೊಡೆಯ ಮೇಲಿನ ಬಟ್ಟೆ ಸರಿಸಿದಳು. ನಾನು ಸೂಜಿ ಹಾಕಿದೆ, ಕೂಸು ಅತ್ತಿತು, ಅವಳು ಎದೆಗೊತ್ತಿಕೊಂಡು ಸುಮ್ಮನಾಗಿಸಿದಳು.

“ಯಾರ ಮುಂದೂ ಹೇಳಬ್ಯಾಡ, ಅಕ್ಕಾ.”

ಇಲ್ಲ ಎಂದೆ. ಮಾರನೆಯ ವಾರ ಇನ್ನೊಬ್ಬಳು ಬಂದಳು. ಆಮೇಲೆ ಮತ್ತೊಬ್ಬಳು. ಒಬ್ಬ ಅಜ್ಜ ಮೊಮ್ಮಗಳನ್ನು ಎತ್ತಿಕೊಂಡು ಬಂದ. ಎಲ್ಲರೂ ಹಿಂಬಾಗಿಲಿನಿಂದಲೇ, ಎಲ್ಲರೂ ಸುಡುವ ಹೊತ್ತಿನಲ್ಲೇ, ಎಲ್ಲರದೂ ಅದೇ ಮಾತು. ಸಂಜೆ ಅದೇ ಜನ ಹೊಸ ಕಂಪನದವನ ಜಗಲಿಯ ಮುಂದೆ ಸಾಲು ನಿಲ್ಲುತ್ತಾರೆ. ಒಬ್ಬರು ಇನ್ನೊಬ್ಬರಿಗೆ ಅಂಜಿ ನಿಲ್ಲುತ್ತಾರೆ. ಊರೆಲ್ಲ ನಂಬಿದೆ, ನಾನೊಬ್ಬಳೇ ಕಳ್ಳಿ ಎಂದು ಪ್ರತಿಯೊಬ್ಬಳೂ ತಿಳಿದಿದ್ದಾಳೆ. ಅರ್ಧ ಓಣಿ ನನ್ನ ಕೈಯಲ್ಲಿ ಹಾದುಹೋಗಿದೆ ಎಂಬುದು ನನಗೆ ಮಾತ್ರ ಗೊತ್ತು. ಬಾಯಿ ಬಿಟ್ಟರೆ ನಾಳೆಯಿಂದ ಯಾರೂ ಬರುವುದಿಲ್ಲ, ಮಕ್ಕಳು ಸಾಯುತ್ತವೆ. ಬಾಯಿ ಮುಚ್ಚಿಕೊಂಡರೆ ಈ ಅಂಜಿಕೆ ಹೀಗೇ ಬೆಳೆಯುತ್ತದೆ.

ಇವತ್ತು ನಿಂಬೆವ್ವ ಮಾಂತುವಿನ ಎರಡನೇ ಸೂಜಿಗೆ ಬಂದಿದ್ದಳು. ಸೂಜಿ ಆಗಿ ಕೂಸು ನಿದ್ದೆಹೋಗಿತ್ತು. ಮತ್ತೆ ಬಾಗಿಲು ಬಡಿದ ಸದ್ದು. ನಿಂಬೆವ್ವ ಕೂಸನ್ನೆತ್ತಿಕೊಂಡು ಒಳಕೋಣೆಯ ಪರದೆಯ ಹಿಂದೆ ಸರಿದಳು. ಬಂದವಳು ಕಾಶೀಬಾಯಿ. ಈ ಗೋಡೆಗಳಲ್ಲಿ ದೋಷವಿದೆ ಎಂದವಳು. ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸೂಜಿ ಹಾಕುತ್ತಿದ್ದಂತೆ ಮೆಲ್ಲಗೆ ಹೇಳಿದಳು, ಪಕ್ಕದ ಮನೆಯ ನಿಂಬೆವ್ವನಿಗೆ ಗೊತ್ತಾದರೆ ಅವಳು ನಮ್ಮ ಮನೆಯ ನೀರೂ ಮುಟ್ಟುವುದಿಲ್ಲ, ಅವಳ ನಂಬಿಕೆ ಅಷ್ಟು ಗಟ್ಟಿ ಎಂದು. ನಾನು ಪರದೆಯ ಪಕ್ಕದಲ್ಲೇ ನಿಂತಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಎಳೆಯಲಿಲ್ಲ. ಎಳೆಯುವ ಹಕ್ಕು ನನ್ನದಾಗಿರಲಿಲ್ಲ.

ಕಾಶೀಬಾಯಿ ಹೋದ ಮೇಲೆ ತಂಗಿ ಹೊರಗೆ ಬಂದಳು. ಗುರುಬಾಯಿಯವರ ಕುರ್ಚಿಯಲ್ಲಿ ಕೂತಳು. ಕೂಸಿನ ಹಣೆ ಒರೆಸುತ್ತ ಕೇಳಿದಳು:

“ಎಷ್ಟ ಮಂದಿ ಬರ್ತಾರ, ಅಕ್ಕಾ?”

“ನಿನ್ನ ಹೆಸರ ಯಾರಿಗೂ ಹೇಳಿಲ್ಲ,” ಎಂದೆ. “ಅವರದೂ ಹೇಳಂಗಿಲ್ಲ.”

ಅವಳು ತಲೆಯಾಡಿಸಿದಳು. ಎದ್ದು, ಹಿಂಬಾಗಿಲಿಗೆ ಹೋಗದೆ, ಬೀದಿಗೆ ತೆರೆಯುವ ಮುಂಬಾಗಿಲಿಗೆ ಹೋಗಿ ಅಗುಳಿಯ ಮೇಲೆ ಕೈಯಿಟ್ಟಳು. ಎದುರುಮನೆಯ ಕದದ ಹಿಂದೆ ಯಾರೋ ಕೆಮ್ಮಿದ ಸದ್ದು. ಅವಳ ಕೈ ಅಗುಳಿಯ ಮೇಲೆಯೇ ಇತ್ತು. ಆಮೇಲೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ತಿರುಗಿ, ನನ್ನ ಪಕ್ಕದಿಂದಲೇ ಹಾದು, ಹಿಂಬಾಗಿಲಿನಿಂದಲೇ ಹೋದಳು.

ಹಿರಿಯರೇ, ನಿಮ್ಮಲ್ಲಿ ಒಂದು ಬೇಡಿಕೆಯಿದೆ. ಪರೀಕ್ಷೆ ಮಾಡುವುದು ಹೇಗೆಂದು ನಮಗೆ ಕಲಿಸಿಕೊಟ್ಟವರು ನೀವೇ, ಅದಕ್ಕೆ ಋಣಿಯಾಗಿದ್ದೇನೆ. ಆದರೆ ನಿಮ್ಮಲ್ಲೂ ಇರಬೇಕು, ಒಳಗೊಳಗೇ ನಿಜ ತಿಳಿದು, ಬೀದಿಯಲ್ಲಿ ಬೇರೆ ಮಾತಾಡುವವರು. ಮನೆಯಲ್ಲಿ ಮಗುವಿಗೆ ಸೂಜಿ ಹಾಕಿಸಿ, ನೆರೆಯವರ ಮುಂದೆ ಸುಮ್ಮನಿರುವವರು. ನೀವು ಅಂಥವರಾಗಿದ್ದರೆ, ದೊಡ್ಡ ಭಾಷಣ ಬೇಡ, ವಾದ ಬೇಡ. ನಡುಗೋಡೆಯ ಆಚೆ ಇರುವ ಒಬ್ಬರಿಗೆ, ಒಬ್ಬರಿಗೇ, ಹೋಗಿ ಹೇಳಿ: ನಾನೂ ಹಾಕಿಸಿದೆ ಎಂದು. ಅವರು ಹೆದರಿದ್ದರೆ ಯಾವುದಕ್ಕೆ ಹೆದರಿದ್ದಾರೆಂದು ಮೊದಲು ಕೇಳಿ. ನಿಮ್ಮ ಮಂಡಳಿಗಳು ಸುಳ್ಳು ಹೇಳಿದ್ದರೆ, ಆ ಸುಳ್ಳಿನಿಂದ ಯಾರ ಕೂಸು ಹೋಯಿತೆಂದು ತಿಳಿದುಕೊಳ್ಳಿ, ಅವಳ ಮನೆಗೆ ಹೋಗಿ ಕೂತುಕೊಳ್ಳಿ. ನಿಮ್ಮ ಮಧ್ಯಾಹ್ನಗಳು ನಮ್ಮವುಗಳಷ್ಟು ಸುಡುತ್ತಿರಲಿಲ್ಲ ಎಂದು ಕೇಳಿದ್ದೇನೆ. ಬಾಗಿಲು ತೆರೆದು ಹೊರಗೆ ಬರುವುದು ನಿಮಗೆ ಇಷ್ಟು ಕಷ್ಟವಾಗಿರಲಾರದು.

ಇಷ್ಟು ಬರೆಯುವಷ್ಟರಲ್ಲಿ ಬಿಸಿಲು ಇಳಿದಿದೆ. ಬೀದಿಯಲ್ಲಿ ಕದಗಳು ತೆರೆಯುತ್ತಿವೆ. ಕಾಶೀಬಾಯಿ ಮತ್ತು ನಿಂಬೆವ್ವ ತಮ್ಮ ತಮ್ಮ ಜಗಲಿಯ ಮೇಲೆ ನಿಂತು ಒಬ್ಬರಿಗೊಬ್ಬರು ಏನೋ ಹೇಳುತ್ತಿದ್ದಾರೆ. ಇಷ್ಟು ದೂರಕ್ಕೆ ಮಾತು ಕೇಳಿಸುವುದಿಲ್ಲ. ಅಡುಗೆಯ ಮಾತೇ ಇರಬಹುದು.

ನಿಮ್ಮ ಕಾಲದ ಆಚೆ ದಂಡೆಯಿಂದ,
ಹೊನ್ನವ್ವ